ಕಡೇ ಡಬ್ಬಿ ಕಾಕಾ ಜಲಪಾತಕ್ಕೆ ಹೊರಟದ್ದು

ನಮ್ಮ ಕಾಕಾ ಬದುಕಿನಲ್ಲಿ ಒಮ್ಮೆಯೂ, ಎಲ್ಲಿಗೂ, ಎಲ್ಲರಿಗಿಂತ ಮೊದಲು ತಲುಪಿದವರಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಹುಟ್ಟಿದ್ದೇ ಅವಳಿ ಮಕ್ಕಳಲ್ಲಿ ಎರಡನೆಯವರಾಗಿ! ಮದುವೆಯ ದಿನ ಹೆಣ್ಣಿನ ಕಡೆಯವರು ವರನನ್ನು ಎದುರುಗೊಳ್ಳಲು ಆರತಿ ಹಿಡಿದು ನಿಂತಿದ್ದರೆ, ಬಂಡಿಯಿಂದ ಮೊದಲು ವಾಲಗದವರು ಇಳಿದರು, ಆಮೇಲೆ ಅಡುಗೆಯವರು, ಆಮೇಲೆ ಹಾಸಿಗೆಯ ಸುರುಳಿಗಳು. ಬಂಡಿಯೊಳಗೆ ಯಾರೂ, ಏನೂ ಉಳಿದಿಲ್ಲ ಎಂದು ಹುಲ್ಲು ಕೆದರಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ವರ ಇಳಿದದ್ದು. ಅಷ್ಟು ಹೊತ್ತಿಗೆ ಅವಸರದ ಬೀಗಿತ್ತಿ ಮುಖ್ಯ ಅಡುಗೆಯವನ ಹಣೆಗೆ ಕುಂಕುಮ ಹಚ್ಚಿ ಆರತಿ ಎತ್ತಿ ಮುಗಿಸಿದ್ದಳಂತೆ. ನಿಜವೋ ಸುಳ್ಳೋ, ಅವರ ಹೆಂಡತಿ, ಅಂದರೆ ನಮ್ಮ ಕಾಕೂ, ಸಿಟ್ಟು ಬಂದಾಗಲೆಲ್ಲ "ಆ ಅಡಗಿಯವನ್ನ ಮಾಡಿಕೊಂಡಿದ್ರ ದಿನಾ ಬಿಸಿ ಊಟಾದರೂ ಸಿಗ್ತಿತ್ತು" ಎನ್ನುತ್ತಿದ್ದಳು.

ಇದಕ್ಕೆಲ್ಲ ಕಾರಣ ಏನೆಂದರೆ ಕಾಕಾ ಗೂಡ್ಸ್ ಗಾಡಿಯ ಗಾರ್ಡು. ಗಾರ್ಡಿನ ಜಾಗ ಕೊನೆಯ ಡಬ್ಬಿ. ಧಾರವಾಡದ ಕಡೆಯ ಮನೆ ಬಿಟ್ಟು ಎಳೆಯ ವಯಸ್ಸಿನಲ್ಲಿ ಬರೋಡಾಕ್ಕೆ ಬಂದು ರೈಲ್ವೆ ಸೇರಿದವರು, ಕೆಲಸವನ್ನು ಸಮವಸ್ತ್ರದ ಜೊತೆ ಗೂಟಕ್ಕೆ ನೇತುಹಾಕಿ ಮನೆಯೊಳಗೆ ಬರುವುದನ್ನು ಕೊನೆಗೂ ಕಲಿಯಲಿಲ್ಲ. "ಗಾಡಿ ಯಾವಾಗ ಬಂದಂಗ ಹೇಳು? ಎಂಜಿನ್ ಬಂದಾಗಲ್ಲೋ ತಮ್ಮಾ, ಕಡೀ ಡಬ್ಬಿ ಬಂದಾಗ!" ಇದು ಅವರ ವೇದವಾಕ್ಯ.

ಅರವತ್ತರ ದಶಕದಲ್ಲಿ ವಿಮಾ ಕಚೇರಿಯ ನೌಕರಿಗೆಂದು ನಾನು ಬರೋಡಾಕ್ಕೆ ವರ್ಗವಾಗಿ ಬಂದಾಗ, ಹೊಸದಾಗಿ ಮದುವೆಯಾಗಿದ್ದ ನಾನೂ ನನ್ನ ಹೆಂಡತಿಯೂ ಬಾಡಿಗೆ ಮನೆ ಸಿಗುವ ತನಕ ಎಂದು ಪ್ರತಾಪನಗರದ ಕಾಕಾನ ರೈಲ್ವೆ ಕ್ವಾರ್ಟರ್ಸಿನಲ್ಲಿ ಇಳಿದುಕೊಂಡೆವು. ಮನೆ ಸಿಕ್ಕ ಮೇಲೂ ಅಲ್ಲೇ ಇದ್ದೆವು. ಪುಕ್ಕಟೆ ನಾಟಕ ಬಿಟ್ಟು ಯಾರು ಹೋಗುತ್ತಾರೆ?

ಡ್ಯೂಟಿಯ ಬಾವುಟಗಳನ್ನು ಖಾಸಗಿ ಕೆಲಸಕ್ಕೆ ಬಳಸುವುದು ಅಪರಾಧ ಎಂದು ಕಾಕಾ ಮನೆಗೆಂದೇ ಬೇರೆ ಜೋಡಿ ಮಾಡಿಸಿದ್ದರು. ಕಾಕೂ ತನ್ನ ಹಳೆಯ ಕುಪ್ಪಸಗಳನ್ನು ಬಿಚ್ಚಿ ಹೊಲಿದುಕೊಟ್ಟದ್ದು. ಹಸಿರು ಬಾವುಟದ ಒಂದು ಮೂಲೆಯಲ್ಲಿ ಇನ್ನೂ ಗುಂಡಿ ಇತ್ತು. ಮನೆಯವರೆಲ್ಲ ಸೇರಿ ಸಂತೆಗೆ ಹೊರಟರೆ ಮುಂದೆ ಕಾಕೂ, ಹಿಂದೆ ನಾವು, ಎಲ್ಲರ ಹಿಂದೆ ಕುತ್ತಿಗೆಯಲ್ಲಿ ಸೀಟಿ, ಕಂಕುಳಲ್ಲಿ ಬಾವುಟ ಇಟ್ಟುಕೊಂಡ ಕಾಕಾ. ರಾವಪುರಾದ ರಸ್ತೆ ದಾಟುವಾಗ ಅವರು ಕೆಂಪು ಬಾವುಟ ಬಿಚ್ಚಿ ನಡುರಸ್ತೆಯಲ್ಲಿ ನಿಂತರೆ ಟಾಂಗಾದ ಕುದುರೆಗಳೂ ನಿಲ್ಲುತ್ತಿದ್ದವು. ಕುದುರೆಗಳಿಗೆ ಅಭ್ಯಾಸವಾಗಿತ್ತು. ಬೈಯುತ್ತಿದ್ದವರು ಟಾಂಗಾದವರು ಮಾತ್ರ. ಊಟಕ್ಕೆ ಕೂತಾಗಲೂ ಅಷ್ಟೇ. ಎಲ್ಲರ ಎಲೆಗೂ ಅನ್ನ ಬಿತ್ತೆಂದು ಕಾಕಾ ಆ ಕಡೆ ಈ ಕಡೆ ನೋಡಿ ತಲೆಯಾಡಿಸುವ ತನಕ ತುತ್ತು ಎತ್ತುವ ಹಾಗಿಲ್ಲ. ನನ್ನ ಹೆಂಡತಿ ಮೊದಲ ದಿನ ಗೊತ್ತಿಲ್ಲದೆ ಹಪ್ಪಳ ಮುರಿದಳು. ಸೀಟಿ ಎಷ್ಟು ಜೋರಾಗಿ ಕೇಳಿತೆಂದರೆ ಪಾಪ, ಹಪ್ಪಳ ಕೈಯಿಂದ ಸಾರಿನೊಳಗೆ ಬಿತ್ತು.

ಇಂಥವರನ್ನು ಕಟ್ಟಿಕೊಂಡು ಕಾಕೂ ಹೇಗೆ ಬಾಳಿದಳು ಎಂದು ಕೇಳುತ್ತೀರಾ? ಬಾಯಿಂದ! ಅವಳ ಬಾಯಿ ಜೋರು. ಅದರಲ್ಲೂ ಪಾಸಿನ ವಿಷಯ ಬಂದರೆ ಮುಗಿಯಿತು. "ಹೆಣ್ಣ ನೋಡಾಕ ಬಂದಾಗ ಏನಂದ್ರು ಗೊತ್ತದೇನು? 'ರೈಲ್ವೆ ಪಾಸ್ ಅದ, ಹಿಂದೂಸ್ತಾನ ಎಲ್ಲಾ ತೋರಸ್ತೀನಿ' ಅಂದ್ರು. ಇಷ್ಟ ವರ್ಷದಾಗ ನಾ ನೋಡಿದ್ದು ಬರೋಡಾ ಠೇಶನ್ನಿನ ನಳಾ ಒಂದ!" ವರ್ಷಾ ವರ್ಷಾ ಪಾಸು ಬರುತ್ತಿತ್ತು, ರಜೆ ರದ್ದಾಗುತ್ತಿತ್ತು, ಪಾಸು ಹಳತಾಗುತ್ತಿತ್ತು.

ಕಾಕೂಗೆ ಎಲ್ಲಕ್ಕಿಂತ ಮಿಗಿಲಾಗಿ ಒಂದು ಜಲಪಾತ ನೋಡಬೇಕಿತ್ತು. ಅವಳು ಹುಟ್ಟಿದ್ದು ಬಿಜಾಪುರದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಬಾವಿ ಪಾತಾಳದಲ್ಲಿ, ಹಗ್ಗ ಊರುದ್ದ, ಸೇದಿದರೆ ಬರುವುದು ಸವಳು ನೀರು. ಮೇಲಿನಿಂದ ನೀರು ತಾನಾಗಿ ಬೀಳುತ್ತದೆ, ಯಾರೂ ಸೇದುವುದೇ ಬೇಡ ಎಂಬುದು ಅವಳಿಗೆ ಯಾರೋ ಹೇಳಿದ ಕಟ್ಟುಕಥೆಯಾಗಿತ್ತು. ಒಮ್ಮೆ ಕಣ್ಣಾರೆ ಕಂಡೇ ನಂಬುವವಳು ಅವಳು.

ಆ ವರ್ಷದ ಮಳೆಗಾಲದಲ್ಲಿ ಕಾಕೂನ ದಮ್ಮು ಹೆಚ್ಚಾಯಿತು. ಹಾಲಿನ ಚೆಂಬು ಎತ್ತಿ ಒಲೆಯ ಮೇಲಿಡುವಷ್ಟರಲ್ಲಿ ಎದೆಯಲ್ಲಿ ಸೀಟಿ. ಡಾಕ್ಟರು ನೋಡಿ, ಹೀಗೇ ಹೋದರೆ ಮುಂದಿನ ವರ್ಷದಿಂದ ಏರು ಹತ್ತುವುದೆಲ್ಲ ಬಂದ್, ಮೆಟ್ಟಿಲು ಕೂಡ ಬೇಡ ಎಂದರು. ಕಾಕೂ ಅಳುತ್ತಾಳೆ ಎಂದುಕೊಂಡೆವು. ಅವಳು ಮನೆಗೆ ಬಂದು ಸೆರಗು ಸಿಕ್ಕಿಸಿ, "ಮುಂದಿನ ವರ್ಷದಿಂದ ಬಂದ್ ಅಂದ್ರು, ಹೌದಲ್ಲ? ಹಂಗಾದ್ರ ಈ ವರ್ಷನ ಹೋಗೂಣು" ಎಂದಳು. ಅದರ ಜೊತೆ ಒಂದು ಕರಾರು ಕೂಡ ಹಾಕಿದಳು. "ನನ್ನ ಸಲುವಾಗಿ ಯಾರೂ ನಿಂದ್ರಬಾರದು. 'ಕಾಕೂ, ದಮ್ಮ ಹತ್ತೇದೇನು, ಕಾಕೂ, ಕೂಡತೀರೇನು' ಅಂತ ಯಾರರ ಒಂದ ಮಾತ ಅಂದ್ರ, ಅಲ್ಲಿಂದನ ಹೊಳ್ಳಿ ಮನಿಗೆ. ನಾ ಏನ ಜಡ್ಡಿನಾಕಿ ಅಲ್ಲ."

ಬರೋಡಾ ಹತ್ತಿರದ ಪಾವಾಗಢ ಬೆಟ್ಟದ ಬುಡದಲ್ಲಿ ಒಂದು ಹಳ್ಳ ಇದೆ, ಅದರ ಗುಂಟ ಮೇಲಕ್ಕೆ ನಡೆದರೆ ಒಂದು ಜಲಪಾತ ಸಿಗುತ್ತದೆ, ಮಳೆಗಾಲದಲ್ಲಿ ಮಾತ್ರ ಎಂಬ ಸುದ್ದಿ ತಂದದ್ದು ಜಶೂಭಾಯಿ. ಎದುರುಮನೆಯವರು, ಮಾಂಡವಿಯಲ್ಲಿ ಅರಿವೆ ಅಂಗಡಿ, ಸಂಜೆಯ ಚಹಾ ನಮ್ಮ ಮನೆಯಲ್ಲಿ. ದುಂಡು ಮನುಷ್ಯ, ದುಂಡು ಮನಸ್ಸು. ನಾನೂ ಬರುತ್ತೇನೆ ಎಂದರು. ಕಾಕಾ ಒಂದು ದಿನದ ರಜೆ ಹಾಕಿದರು. ರಜೆ ಮಂಜೂರಾಯಿತು! ಆ ಕಾಗದವನ್ನು ಕಾಕೂ ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಾಕಿದಳು.

ಹಿಂದಿನ ಸಂಜೆ ಕಾಕಾ ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ 'ಗಾಡಿ ಕಟ್ಟಿದರು'. ಕಾಕೂ ಎಂಜಿನ್. "ಎಂಜಿನ್ ಎಷ್ಟ ಓಡತದೋ ಗಾಡಿ ಅಷ್ಟ ಓಡಬೇಕು. ಅದನ್ನ ದಾಟಿ ಹೋಗಾಕ ಯಾವ ಡಬ್ಬಿಗೂ ಅಧಿಕಾರ ಇಲ್ಲ." ಕಾಕೂ ಹಿಗ್ಗಿದಳು. ಅವಳ ಹಿಂದೆ ನನ್ನ ಹೆಂಡತಿ, ಪ್ಯಾಸೆಂಜರ್ ಡಬ್ಬಿ. ಬುತ್ತಿ ಹೊತ್ತ ನಾನು ಪಾರ್ಸಲ್ ವ್ಯಾಗನ್. ಜಶೂಭಾಯಿಯನ್ನು ಕಾಕಾ ಸುತ್ತಲೂ ನಡೆದು ಪರೀಕ್ಷೆ ಮಾಡಿ, "ಓವರ್‌ಲೋಡ್" ಎಂದು ಬರೆದುಕೊಂಡವರಂತೆ ತಲೆಯಾಡಿಸಿದರು. ಎಲ್ಲರ ಹಿಂದೆ ಸ್ವತಃ ಅವರು. ಬೆನ್ನಿಗೆ ಒಂದು ವನಸ್ಪತಿ ಡಬ್ಬಿಯ ಮುಚ್ಚಳ. ಅದರ ಮೇಲೆ ಕೆಂಪು ಬಣ್ಣದಲ್ಲಿ ಎಲ್‌ವಿ ಎಂಬ ಎರಡು ಇಂಗ್ಲಿಷ್ ಅಕ್ಷರ. ಅಂದರೆ ಇದೇ ಕಡೇ ಡಬ್ಬಿ, ಇದರ ಹಿಂದೆ ಏನೂ ಇಲ್ಲ ಎಂದು ಲೋಕಕ್ಕೆ ಸಾರುವ ಫಲಕ. ರೈಲಿನಲ್ಲಿ ಸರಿ. ಮನುಷ್ಯನ ಬೆನ್ನ ಮೇಲೆ?

"ಅರೆ ಕಾಕಾ, ಆ ಶುಂ ಛೇ?" ಏನಿದು ಎಂದು ಜಶೂಭಾಯಿ ಕೇಳಿದರು.

"ಇದು ಕಾಣದಿದ್ರ ಗಾಡಿ ಅರ್ಧಾ ಹಾದಿಯೊಳಗ ಹರದದ ಅಂತ ತಿಳೀಬೇಕು" ಎಂದರು ಕಾಕಾ, ಕನ್ನಡದಲ್ಲೇ. ಜಶೂಭಾಯಿಗೆ ಅರ್ಥವಾಗಲಿಲ್ಲ. ಅರ್ಥವಾದ ನಮಗೂ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಪಾವಾಗಢದ ಸರ್ಕಾರಿ ಬಸ್ಸು ಹಿಡಿದೆವು. ಕಾಕಾಗೆ ಬಸ್ಸೆಂದರೆ ತಾತ್ಸಾರ, ಹಳಿಯ ಮೇಲೆ ಓಡದ್ದು ಗಾಡಿಯೇ ಅಲ್ಲ. ಆದರೂ ತಮ್ಮ ಜಾಗ ಬಿಡಲಿಲ್ಲ, ಕಟ್ಟಕಡೆಯ ಸೀಟಿನ ಕಿಟಕಿ. ಹಾಲೋಲಿನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಜನ ಇಳಿದರು, ಹತ್ತಿದರು, ಕೂತರು. ಕಾಕಾ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಮುಂದೆ ನೋಡಿದರು, ಹಿಂದೆ ನೋಡಿದರು. ಎಲ್ಲ ಸರಿ ಇತ್ತು. ಕೈ ತಾನಾಗಿ ಸೀಟಿಗೆ ಹೋಯಿತು, ಬಾವುಟ ತಾನಾಗಿ ಬಿಚ್ಚಿಕೊಂಡಿತು. ಸೀಟಿ ಕೇಳಿದ್ದೇ ತಡ, ಡ್ರೈವರ್ ಬಸ್ಸು ಬಿಟ್ಟ!

ಸ್ವಲ್ಪ ದೂರ ಹೋದ ಮೇಲೆ, ಇನ್ನೂ ಹಿಂದಕ್ಕೆ ನೋಡುತ್ತಲೇ ಇದ್ದ ಕಾಕಾ ಲೊಚಗುಟ್ಟಿದರು. "ಯಾವನೋ ಒಬ್ಬಾಂವ ಪಾಪ, ಗಾಡಿ ತಪ್ಪಿಸಿಕೊಂಡಾನ. ಚಹಾದ ಗ್ಲಾಸ್ ಹಿಡಕೊಂಡ ಹೆಂಗ ಓಡ್ಲಿಕ್ಕತ್ಯಾನ ನೋಡು!"

ನಾನು ನೋಡಿದೆ. ಓಡಿಬರುತ್ತಿದ್ದವನ ಹೆಗಲಲ್ಲಿ ಚರ್ಮದ ಚೀಲವಿತ್ತು, ಕೈಯಲ್ಲಿ ಟಿಕೆಟಿನ ಪೆಟ್ಟಿಗೆ ಇತ್ತು. ಕಂಡಕ್ಟರ್!

ಕೆಂಪು ಬಾವುಟ ಬೀಸಿ ಬಸ್ಸು ನಿಲ್ಲಿಸಿದ್ದೂ ಕಾಕಾನೇ. ಏದುಸಿರು ಬಿಡುತ್ತ ಹತ್ತಿದ ಕಂಡಕ್ಟರ್ "ಸೀಟಿ ಕಿಸ್ನೇ ಮಾರೀ?" ಎಂದು ಕಿರುಚಿದ. ಬಸ್ಸಿಗೆ ಬಸ್ಸೇ ಹಿಂದಕ್ಕೆ ತಿರುಗಿ ಕಾಕಾನನ್ನು ನೋಡಿತು. ಕಾಕಾ ಅಳುಕಿದರೇ? ಎದ್ದು ನಿಂತು, ಕೋಟಿನ ಗುಂಡಿ ಸರಿಮಾಡಿಕೊಂಡು, ತಮ್ಮ ಅಚ್ಚುಕಟ್ಟಾದ ರೈಲ್ವೆ ಹಿಂದಿಯಲ್ಲಿ ಹೇಳಿದರು: ಗಾಡಿ ಬಿಡುವ ಹೊತ್ತಿಗೆ ಸಿಬ್ಬಂದಿ ಗಾಡಿಯೊಳಗಿರಬೇಕು, ಈ ಸಲ ಬಿಟ್ಟಿದ್ದೇನೆ, ಮುಂದಿನ ಸಲ ರಿಪೋರ್ಟ್ ಮಾಡಬೇಕಾಗುತ್ತದೆ!

ಪಾವಾಗಢದಲ್ಲಿ ಇಳಿದು, ಯಾತ್ರಿಕರು ಹತ್ತುವ ದಾರಿ ಬಿಟ್ಟು, ಬೆಟ್ಟವನ್ನು ಬಳಸಿ ಹಳ್ಳದ ಬಾಯಿಗೆ ಬಂದೆವು. ಶ್ರಾವಣದ ಕೊನೆ. ಮೋಡ ಬೆಟ್ಟದ ನೆತ್ತಿಯ ಮೇಲೆ ಕೂತಿತ್ತು. ಕರಿಬಂಡೆಗಳ ನಡುವೆ ನೀರು ತಿಳಿಯಾಗಿ, ಚುರುಕಾಗಿ ಇಳಿದು ಬರುತ್ತಿತ್ತು. ಎರಡೂ ದಡದಲ್ಲಿ ತೇಗದ ಮರಗಳು, ಬಿದಿರು. ಕಾಲುದಾರಿ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಹಳ್ಳವನ್ನು ದಾಟುತ್ತ ಹೋಗುತ್ತಿತ್ತು. ಕಾಕೂ ನೀರಿಗೆ ಕಾಲಿಟ್ಟವಳೇ ಸೀರೆ ಎತ್ತಿ ಕಟ್ಟಿ, ಬೊಗಸೆಯಲ್ಲಿ ಹಿಡಿದು ಕುಡಿದಳು. "ಸಪ್ಪಗ ಇಲ್ಲ, ಸವಳಿಲ್ಲ, ಸೇದೂದಿಲ್ಲ!" ಎಂದು ನಮಗೆಲ್ಲ ವರದಿ ಒಪ್ಪಿಸಿದಳು.

ನಡಿಗೆ ಶುರುವಾಯಿತು ಎನ್ನಬೇಕು, ಆದರೆ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಹರಳುಕಲ್ಲು ಬಂದರೆ "ಹಳಿ ಸಡಲ ಅವ, ಸಾವಕಾಶ!" ಆಡಿನ ಹಿಂಡು ಎದುರಾದರೆ "ಕ್ರಾಸಿಂಗ್! ಎದರಿನ ಗಾಡಿ ಹೋಗ್ಲಿ!" ಎಂದು ಸೀಟಿ. ಕೊನೆಯ ಆಡು ಹೋದ ಮೇಲೂ, ಅದರ ಹಿಂದೆ ಮತ್ತೊಂದು ಇಲ್ಲವೆಂದು ಖಾತ್ರಿಯಾಗುವ ತನಕ ನಿಲ್ಲಬೇಕು. ಆಡಿಗೆಲ್ಲಿಯ ಎಲ್‌ವಿ ಫಲಕ! ನಾನೂ ಜಶೂಭಾಯಿಯೂ ಗೊಣಗಿದೆವು. ಹೀಗಾದರೆ ಜಲಪಾತ ನಾವು ತಲುಪುವಷ್ಟರಲ್ಲಿ ಬೇಸಿಗೆ ಬಂದು ಒಣಗಿಹೋಗುತ್ತದೆ ಎಂದೆ. ಕಾಕೂ ಮಾತ್ರ ಒಂದು ಕಲ್ಲು ನೋಡಿ ಕೂತು, "ನೌಕರಿ ಇವರನ್ನ ಹಾಳ ಮಾಡೇದ" ಎಂದು ಸುಖವಾಗಿ ಬೈದಳು.

ಒಂದು ತಿರುವಿನಲ್ಲಿ ಗಾಡಿ ಗಕ್ಕನೆ ನಿಂತಿತು. ಮುಂದೆ ಗಿಡದ ಮೇಲೆ ಕೆಂಪು ಸೀರೆಯೊಂದು ಒಣಗಲು ಹಾಕಿತ್ತು. ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹಳ್ಳಿಯ ಹೆಂಗಸಿನದು. ಕಾಕಾ ಸೀಟಿ ಊದಿ ಕೈ ಮೇಲೆತ್ತಿದರು. ಕೆಂಪು ಅಂದರೆ ಕೆಂಪು, ಅದು ಸೀರೆಯೋ ಸಿಗ್ನಲ್ಲೋ ಎಂದು ತೀರ್ಮಾನಿಸುವುದು ಗಾರ್ಡಿನ ಕೆಲಸವಲ್ಲ! ಜಶೂಭಾಯಿ ಕೈಮುಗಿದರು, ನಾನು ರೇಗಿದೆ. ಕಾಕಾ ಜಗ್ಗಲಿಲ್ಲ.

ಒಗೆಯುತ್ತಿದ್ದವಳು ತಲೆಯೆತ್ತಿದಳು. "ಕೇಮ್ ಊಭಾ ಛೋ, ಕಾಕಾ?" ಯಾಕೆ ನಿಂತಿದ್ದೀರಿ ಎಂದು ಕೇಳಿದಳು. ಈ ಮುದುಕರು ಕೆಂಪು ಬಟ್ಟೆ ಕಂಡರೆ ಮುಂದೆ ಹೆಜ್ಜೆ ಇಡುವುದಿಲ್ಲ ಎಂದು ಜಶೂಭಾಯಿ ವಿವರಿಸಿದರು. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕಾಕೂನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದರೆ ಈ ಅಕ್ಕ, ಈ ಬೇನ್, ಮನೆಯಲ್ಲಿ ಕೆಂಪು ಸೀರೆ ಉಟ್ಟರೆ?" ಎಂದಳು.

ಜಶೂಭಾಯಿ ಅದನ್ನು ಹಿಂದಿಯಲ್ಲಿ ಹೇಳಲು ನಾಚಿದರು. ಆದರೆ ಕಾಕೂಗೆ ಗುಜರಾತಿ ಚೆನ್ನಾಗಿ ಬರುತ್ತಿತ್ತು. "ಅದಕ್ಕ ನಾ ಕೆಂಪ ಸೀರಿ ಉಡೂದ ಬಿಟ್ಟು ಯಾವ ಕಾಲ ಆತು!" ಎಂದು ಗುಜರಾತಿಯಲ್ಲೇ ತಿರುಗಿಸಿದಳು. ಇಬ್ಬರೂ ಹೆಂಗಸರು ಹಳ್ಳದ ಆಚೀಚೆ ನಿಂತು ನಕ್ಕದ್ದಕ್ಕೆ ಬಂಡೆಗಳು ಕೂಡ ನಕ್ಕವು. ಕಾಕಾ ಆಕಾಶ ನೋಡುತ್ತ ನಿಂತರು. ಕಿವಿ ಮಾತ್ರ ಆ ಸೀರೆಯಷ್ಟೇ ಕೆಂಪಾಗಿತ್ತು.

ಹೆಂಗಸು ಸೀರೆ ತೆಗೆದಳು, ಗಾಡಿ ಹೊರಟಿತು. ಆಗ ನನ್ನ ಹೆಂಡತಿ ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದಳು. "ಒಂದ ನೋಡಿದ್ರೇನು? ಕಾಕೂನ ಉಸಿರು ಹದಕ್ಕ ಬರೂತನಾ ಇವರ ಸಿಗ್ನಲ್ ಬೀಳೂದ ಇಲ್ಲ."

"ಏ, ಹೋಗ. ಕಾಕಾಗ ಅಷ್ಟ ಬುದ್ಧಿ ಎಲ್ಲಿಂದ ಬರಬೇಕು?" ಎಂದೆ. ಆದರೂ ಆಮೇಲೆ ಗಮನಿಸಿದೆ. ಹೆಂಡತಿ ಹೇಳಿದ್ದು ಸರಿ ಇತ್ತು. ಹೆಂಡತಿಯರು ಹೇಳಿದ್ದು ಸರಿಯಿದ್ದಾಗ ಗಂಡಸರು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ಸುಮ್ಮನಾದೆ. ಗೊಣಗುವುದನ್ನೂ ನಿಲ್ಲಿಸಿದೆ.

ಊಟಕ್ಕೆ ಒಂದು ದೊಡ್ಡ ಬಂಡೆಯ ಮೇಲೆ ಕೂತೆವು. ಕಾಕೂನ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬುತ್ತಿ ಒಂದು ಕಡೆ. ಜಶೂಭಾಯಿಯ ಥೇಪ್ಲಾ, ಮಾವಿನ ಛೂಂದೋ, ಬೆಲ್ಲದ ಸುಖಡಿ ಇನ್ನೊಂದು ಕಡೆ. ನಡುವೆ ನಾವು ಸಜ್ಜನರಾಗಿ ಎರಡೂ ಕಡೆಗೆ ನ್ಯಾಯ ಒದಗಿಸುತ್ತಿದ್ದಾಗ ಮರದಿಂದ ಕರಿಮುಸುಡಿಯ ಮಂಗಗಳ ಪರಿವಾರ ಇಳಿಯಿತು. ಕಾಕಾ ಸೀಟಿ ಊದಿದರು. ಮಂಗಗಳು ನಿಂತವು. ಇನ್ನೊಮ್ಮೆ ಊದಿದರು. ಮಂಗಗಳು ಕೂತವು! "ನೋಡ್ರಿ, ಶಿಸ್ತು ಅಂದ್ರ ಹಿಂಗಿರಬೇಕು" ಎಂದು ಕಾಕಾ ನಮ್ಮ ಕಡೆ ತಿರುಗಿದರು. ಅದೇ ಹೊತ್ತಿಗೆ ಹಿರಿಯ ಗಂಡು ಮಂಗವೊಂದು ಹಿಂದಿನಿಂದ ಬಂದು, ಸುಖಡಿಯನ್ನೂ ಬಿಟ್ಟು, ಥೇಪ್ಲಾವನ್ನೂ ಬಿಟ್ಟು, ಹಸಿರು ಬಾವುಟವನ್ನು ಎತ್ತಿಕೊಂಡು ಮರ ಹತ್ತಿತು.

ಈಗ ದೊಡ್ಡ ಪ್ರಶ್ನೆ ಎದ್ದಿತು. ಉಳಿದದ್ದು ಕೆಂಪು ಬಾವುಟ ಒಂದೇ. ಕೆಂಪಿನಿಂದ ಗಾಡಿ ನಿಲ್ಲಿಸಬಹುದು, ಬಿಡುವುದು ಹೇಗೆ? ಮಂಗ ಮೇಲಿನ ಕೊಂಬೆಯಲ್ಲಿ ಕೂತು ಬಾವುಟದ ಗುಂಡಿಯನ್ನು ಕಚ್ಚಿ ನೋಡುತ್ತಿತ್ತು. ಗಾಳಿಗೆ ಬಾವುಟ ಬೀಸಿದಂತಾದಾಗಲೆಲ್ಲ ನನ್ನ ಹೆಂಡತಿ "ಬಿಡ್ರಿ ಕಾಕಾ, ಅವರ ಗಾರ್ಡ್ ಸಿಗ್ನಲ್ ಕೊಟ್ಟಾರ" ಎನ್ನುತ್ತಿದ್ದಳು. ಕಾಕಾ ತುಂಬ ಹೊತ್ತು ಯೋಚಿಸಿ, ಕೊನೆಗೆ ಒಂದು ಅಗಲವಾದ ತೇಗದ ಎಲೆ ಕಿತ್ತು, ಅದರ ಹಸಿರು ಸರಿಯಾದ ಹಸಿರೇ ಎಂದು ಬಿಸಿಲಿಗೆ ಹಿಡಿದು ನೋಡಿ, ಬೀಸಿದರು.

ಊಟವಾದ ಮೇಲೆ ದಾರಿ ಕಡಿದಾಯಿತು. ಕಾಕೂನ ಬೈಗುಳ ಕಡಿಮೆಯಾಯಿತು. ಅದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ. ಸಿಗ್ನಲ್ಲುಗಳು ಹತ್ತಿರ ಹತ್ತಿರ ಬರತೊಡಗಿದವು. ಕಾಕಾ ಈಗ ನೆಪ ಹುಡುಕುವ ಗೋಜಿಗೂ ಹೋಗುತ್ತಿರಲಿಲ್ಲ, ಕೆಂಪು ಹೂವು ಕಂಡರೂ ನಿಲ್ಲಿಸುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ಗುಂಯ್ ಎಂಬ ಸದ್ದು ಕೇಳಿತು. ಕಾಕೂ ನಿಂತಳು. "ಅದ ಏನು?" ಎಂದು ನನ್ನ ಹೆಂಡತಿಯನ್ನು ಕೇಳಿದಳು. ಅದೇ ಎಂದಳು ಇವಳು. ಕಾಕೂನ ಮುಖ ನೋಡಬೇಕಿತ್ತು!

ಕೊನೆಯ ಬಾರಿ ಹಳ್ಳ ದಾಟಿದೆವು. ದಾಟಿದ ಕಡೆ ನೀರಿನ ನಡುವೆ ಒಂದು ಬಿಳಿಕಲ್ಲು ತಲೆ ಎತ್ತಿ ನಿಂತಿತ್ತು. ಅಲ್ಲಿ ಆಡು ಹೊಡೆದುಕೊಂಡು ಇಳಿಯುತ್ತಿದ್ದ ಮುದುಕನೊಬ್ಬ ನಮ್ಮನ್ನು ತಡೆದು ಗುಜರಾತಿಯಲ್ಲಿ ಎಚ್ಚರಿಕೆ ಹೇಳಿದ. ಬೆಟ್ಟದ ಮೇಲೆ ಮಳೆ ಹಿಡಿದಿದೆ, ನೋಡುವವರು ಬೇಗ ನೋಡಿ ಇಳಿಯಿರಿ, ನೀರು ಈ ಬಿಳಿಕಲ್ಲಿನ ತಲೆ ಮುಟ್ಟಿತೆಂದರೆ ಇವತ್ತು ಮನೆ ಮರೆತುಬಿಡಿ ಎಂದ. ನಮ್ಮ ಮುಂದೆ ಉಳಿದದ್ದು ಒಂದೇ ಏರು. ಎರಡು ಅಂತಸ್ತಿನ ಮನೆಯಷ್ಟು ಎತ್ತರದ, ಪಾಚಿಗಟ್ಟಿದ, ಒರಗಿಕೊಂಡ ಬಂಡೆ. ಕಾಲಿಡಲು ಅಲ್ಲಲ್ಲಿ ಗೂಡುಗಳಿದ್ದವು. ಅದರ ನೆತ್ತಿ ತಲುಪಿದರೆ ಎದುರಿಗೇ ಜಲಪಾತ.

ಕಾಕೂ ಬಂಡೆಯನ್ನು ಬುಡದಿಂದ ನೆತ್ತಿಯವರೆಗೆ ನೋಡಿದಳು. ಆಮೇಲೆ ಮೆಲ್ಲಗೆ ಒಂದು ಕಲ್ಲಿನ ಮೇಲೆ ಕೂತಳು.

"ನೀವೆಲ್ಲಾ ಲಗೂ ಹೋಗಿ ನೋಡಿ ಬರ್ರಿ. ಇಲ್ಲಿಗೆ ಸಪ್ಪಳ ಕೇಳಸ್ತದಲ್ಲ, ನನಗ ಅಷ್ಟ ಸಾಕು" ಎಂದಳು.

ಇಡೀ ದಿನ ನಾವ್ಯಾರೂ ಅವಳಿಗೆ ಆಗುವುದಿಲ್ಲ ಎಂದಿರಲಿಲ್ಲ, ಈಗ ಅವಳೇ ಹೇಳಿದ್ದಳು. ಇಷ್ಟು ವರ್ಷ ಕಾದವಳು, ಇಷ್ಟು ಸಮೀಪ ಬಂದು! ಜಶೂಭಾಯಿ ಮುಂದೆ ಬಂದು, ಬೇನ್, ನಾನು ಎತ್ತಿಕೊಂಡು ಹೋಗುತ್ತೇನೆ ಎಂದರು. ಕಾಕೂ ಅವರ ಹೊಟ್ಟೆ ನೋಡಿ, "ಮದಲ ನಿಮ್ಮನ್ನ ನೀವು ಎತಗೊಂಡ ಹೋಗ್ರಿ, ಜಶೂಭಾಯಿ" ಎಂದಳು. ನಗಿಸಲೆಂದೇ ಅಂದದ್ದು, ಯಾರೂ ನಗಲಿಲ್ಲ.

ನಾನು ಕಾಕಾನ ಕಡೆ ನೋಡಿದೆ. ನಿಯಮದ ಮನುಷ್ಯ. ಮೇಲೆ ಮಳೆ, ಕೆಳಗೆ ಏರುವ ನೀರು, ದುರಸ್ತಿಗೆ ಬಂದ ಎಂಜಿನ್. ನಿಯಮ ಏನು ಹೇಳುತ್ತದೆ ಎಂದು ನನಗೂ ಗೊತ್ತಿತ್ತು. ಈಗ ಕೆಂಪು ಬಾವುಟ ಬಿಚ್ಚುತ್ತಾರೆ, ಗಾಡಿಯನ್ನು ಹಿಂದಕ್ಕೆ ತಿರುಗಿಸುತ್ತಾರೆ ಎಂದುಕೊಂಡೆ.

ಬಿಚ್ಚಿದರು. ಬಿಚ್ಚಿ ಅದನ್ನು ಜಶೂಭಾಯಿಯ ಕೈಗೆ ಕೊಟ್ಟರು. ಕುತ್ತಿಗೆಯ ಸೀಟಿ ತೆಗೆದು ಅದನ್ನೂ ಕೊಟ್ಟರು. ಬಿಳಿಕಲ್ಲಿನ ಹತ್ತಿರ ನಿಂತುಕೋ, ನೀರು ಏರಿತೆಂದರೆ ಊದು ಎಂದರು. ಆ ಸೀಟಿಯನ್ನು ಇನ್ನೊಬ್ಬರ ಬಾಯಿಗೆ ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಬೆನ್ನಿನ ಫಲಕ ಬಿಚ್ಚಿ ನನ್ನ ಕೊರಳಿಗೆ ಹಾಕಿ, ನನ್ನನ್ನು ದಾಟಿ, ನನ್ನ ಹೆಂಡತಿಯನ್ನು ದಾಟಿ, ಕಾಕೂನನ್ನೂ ದಾಟಿ ಮುಂದೆ ಹೋದರು.

ನಮ್ಮ ಕಾ‌ಕಾ ಎಲ್ಲರಿಗಿಂತ ಮುಂದೆ! ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಬಂಡೆಗೆ ಬೆನ್ನು ಮಾಡಿ, ಕಾಕೂನ ಎದುರು ನಿಂತು ಕಾಕಾ ಎರಡೂ ಕೈ ಚಾಚಿದರು. "ಏಳು."

"ಹುಚ್ಚ ಹಿಡದದೇನು? ಹಿಂದ ಮುಂದ ಕಾಣಸೂದಿಲ್ಲ. ಬೀಳ್ತೀರಿ."

"ಜನ್ಮಾ ಎಲ್ಲಾ ಹಿಂದಕ್ಕ ಮಾರಿ ಮಾಡೇ ಹೋಗೀನಿ. ಬೀಳಂಗಿಲ್ಲ. ಏಳು."

ಕಾಕೂ ಎದ್ದಳು. ಕಾಕಾ ಹಿಮ್ಮಡಿಯಿಂದ ತಡಕಿ ಒಂದು ಗೂಡು ಹುಡುಕುವುದು, ಅದರಲ್ಲಿ ಕಾಲು ಊರುವುದು, ಆಮೇಲೆ ಅವಳನ್ನು ಮೇಲಕ್ಕೆ ಎಳೆದುಕೊಳ್ಳುವುದು. ಬಿದ್ದರೆ ಹಿಡಿಯೋಣ ಎಂದು ನಾವಿಬ್ಬರೂ ಹಿಂದೆ. ಕ್ರಾಸಿಂಗ್ ಇಲ್ಲ, ಸಿಗ್ನಲ್ ಇಲ್ಲ, ಒಂದು ನೆಪವೂ ಇಲ್ಲ. ಅರ್ಧ ಏರಿದಾಗ ಕಾಕೂನ ಎದೆಯ ಸದ್ದು ನನಗೂ ಕೇಳಿಸತೊಡಗಿತು. ಕಾಕಾ ನಿಂತರು. ಅವಳ ಮುಖ ನೋಡಿದರು. ಆಮೇಲೆ, ಬೆಳಗಿನಿಂದ ಯಾರೂ ಆಡಬಾರದಾಗಿದ್ದ ಆ ಮಾತನ್ನು ಆಡಿಯೇಬಿಟ್ಟರು.

"ದಮ್ಮ ಹತ್ತೇದೇನು?"

ಇನ್ನು ಇವಳು ಹೊಳ್ಳಿ ನಿಂತಳೆಂದರೆ ಬ್ರಹ್ಮ ಬಂದರೂ ಮೇಲೆ ಹತ್ತುವವಳಲ್ಲ. ಕಾಕೂ ಕಣ್ಣುಮುಚ್ಚಿದಳು, ತೆರೆದಳು.

"ಹತ್ತೇದ" ಎಂದಳು, ಸಣ್ಣ ದನಿಯಲ್ಲಿ.

"ಹಂಗಾದ್ರ ನಿಂದ್ರೂಣು."

ನಿಂತರು. ಕೈ ಹಿಡಿದುಕೊಂಡು, ಪಾಚಿಗಟ್ಟಿದ ಬಂಡೆಯ ನಡುವೆ, ಮಳೆ ಬರುವ ಹೊತ್ತಿನಲ್ಲಿ, ನಮ್ಮ ಕಾಕಾ ಮತ್ತು ಕಾಕೂ. ಇಬ್ಬರೂ ಹೀಗೆ ಎದುರುಬದುರು ನಿಂತದ್ದನ್ನು ನಾನು ಆ ಮನೆಯಲ್ಲಿ ಎಂದೂ ನೋಡಿರಲಿಲ್ಲ. ಉಸಿರು ಹದಕ್ಕೆ ಬಂತು, ಮತ್ತೆ ಹತ್ತಿದರು. ಮತ್ತೆ ನಿಂತರು, ಮತ್ತೆ ಹತ್ತಿದರು.

ನೆತ್ತಿಗೆ ಬಂದಾಗ ಮೊದಲು ಬಡಿದದ್ದು ತಣ್ಣನೆಯ ತುಂತುರು. ಆಮೇಲೆ ಸದ್ದು. ಆಮೇಲೆ ಕಾಕಾನ ಹೆಗಲಿನಾಚೆ ಕಾಕೂಗೆ ಕಂಡಿತು, ಕರಿಯ ಬೆಟ್ಟದ ಗೋಡೆಯಿಂದ ಒಂದೇ ಸಮನೆ ಬೀಳುವ ಬಿಳಿಯ ನೀರು. ತುಂತುರು ಕಾಕಾನ ಬೋಳುತಲೆಯ ಮೇಲೆ ಬಿದ್ದು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಅವರು ಇನ್ನೂ ಜಲಪಾತಕ್ಕೆ ಬೆನ್ನು ಮಾಡಿಯೇ ನಿಂತಿದ್ದರು.

"ತಿರುಗಿ ನೋಡ್ರೀ ಒಂದ ಸರ್ತಿ!" ಎಂದಳು ಕಾಕೂ.

"ತಿರುಗಿದ್ರ ಕೈ ಬಿಡಬೇಕಾಗ್ತದ" ಎಂದರು ಕಾಕಾ.

ಕಾಕೂ ಅವರನ್ನು ನೋಡಿದಳು. ನಾವು ಜಲಪಾತ ನೋಡುವುದನ್ನು ಬಿಟ್ಟು ಅವರಿಬ್ಬರನ್ನೂ ನೋಡುತ್ತಿದ್ದೆವು. "ಹಂಗಾದ್ರ ನಾ ಹೇಳ್ತೀನಿ, ಕೇಳ್ರಿ" ಎಂದು ಕಾಕೂ ಶುರುಮಾಡಿದಳು. ಉಸಿರು ಸಿಕ್ಕಿದಷ್ಟಕ್ಕೇ ಒಂದೊಂದು ಮಾತು. "ಮ್ಯಾಲೆ ಒಂದ ಧಾರಿ ಅದ... ನಡುವ ಕಲ್ಲಿಗೆ ಬಡದು ಎರಡ ಆಗ್ಯಾವ... ತೆಳಗ ಬಂದು ಮತ್ತ ಕೂಡ್ಯಾವ... ಒಂದ ಹಕ್ಕಿ ನೀರಿನ ಹಿಂದ ಹೋತು..."

ಆಗ ಕೆಳಗಿನಿಂದ ಸೀಟಿ ಕೇಳಿತು. ಜಶೂಭಾಯಿ ಬಿಳಿಕಲ್ಲಿನ ಪಕ್ಕದಲ್ಲಿ ಕುಣಿಯುತ್ತ ಕೆಂಪು ಬಾವುಟ ಬೀಸುತ್ತಿದ್ದರು. ನಾವು ಕೊಚ್ಚಿಹೋಗದೆ ಮನೆ ಸೇರಿದೆವು ಎಂಬುದಕ್ಕೆ ನಾನು ಇದನ್ನು ಬರೆಯುತ್ತಿರುವುದೇ ಸಾಕ್ಷಿ. ಹೋದದ್ದು ಜಶೂಭಾಯಿಯ ಚಪ್ಪಲಿ ಮಾತ್ರ. ಆದರೆ ಆ ಗಳಿಗೆಯಲ್ಲಿ ನಾನು ಹೆದರಿದ್ದು ನಿಜ. "ಕಾಕಾ, ಕೆಂಪು ಬಾವುಟ!" ಎಂದು ಕೂಗಿದೆ.

ಕಾಕೂ ತಟ್ಟನೆ ಮಾತು ನಿಲ್ಲಿಸಿದಳು. ಸೀಟಿ ಮತ್ತೆ ಕೇಳಿತು, ಮೊದಲಿಗಿಂತ ಜೋರಾಗಿ. ಕಾಕಾ ಅಲುಗಲಿಲ್ಲ, ಕೆಳಗೆ ನೋಡಲೂ ಇಲ್ಲ.

"ಊದ್ಲಿ ಬಿಡು" ಎಂದರು. "ಹಕ್ಕಿ ನೀರಿನ ಹಿಂದ ಹೋತು. ಆಮ್ಯಾಲೆ?"